ಎತ್ತಿನ ಬಲಗಾಲು

ಎತ್ತಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ನಾನು. ನಗುವವರು ನಗಲಿ.

ತೊಂಬತ್ತರ ದಶಕದ ಶುರುವಿನ ಮಾತು. ಮದುವೆಯಾಗಿ ಅಥಣಿ ತಾಲ್ಲೂಕಿನ ಅನಂತಪುರಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಕಬ್ಬಿನ ಗಾಡಿ ಮಗುಚಿ, ನಮ್ಮ ಬಿಳಿ ಎತ್ತಿನ ತಲೆ ಸೇತುವೆಯ ಕಟ್ಟೆಗೆ ಬಡಿಯಿತು. ಮೂರು ದಿನ ಮಲಗಿದ್ದು ಎದ್ದಾಗ ಮುಂದಿನ ಬಲಗಾಲು ಅದರ ಮಾತೇ ಕೇಳುತ್ತಿರಲಿಲ್ಲ.

"ಮಿದುಳಿಗೆ ಪೆಟ್ಟಾಗೇತ್ರಿ. ಸತ್ತ ಭಾಗ ಸತ್ತಂಗ. ಉಳಿದ ಭಾಗ ಆ ಕೆಲಸ ಕಲೀಬೇಕು. ದಿನಾ ಮಾಡಸ್ರಿ, ಸುಮ್ನ ನಿಲ್ಲಿಸಬ್ಯಾಡ್ರಿ," ಎಂದರು ದನದ ಡಾಕ್ಟರು.

ಬರೀ ನಡೆದರೆ ಸಾಲದು, ಎಡೆ ಹೊಡೆಯಲು ಬರಬೇಕು. ಜೋಳದ ಸಾಲುಗಳ ನಡುವೆ ಕಳೆ ತೆಗೆಯಲು ಕುಂಟೆ ಎಳೆಯುವ ಎತ್ತು ಮೊಳದಗಲದ ಜಾಗದಲ್ಲಿ ಪೈರು ತುಳಿಯದೆ ಹೆಜ್ಜೆಯಿಡಬೇಕು. ನಮ್ಮ ಮನೆಯವರು ಅಂಗಳದಲ್ಲಿ ಎರಡು ಹಗ್ಗ ಹಾಸಿ ದಿನಾ ಬೆಳಿಗ್ಗೆ ಅದನ್ನು ನಡೆಸುತ್ತಿದ್ದರು. ಮೊದಮೊದಲು ಅದು ಭುಜವನ್ನೇ ಎತ್ತಿ ಕಾಲನ್ನು ಹೊರಗೆ ಬೀಸುತ್ತಿತ್ತು. ಕಾಲು ಹಗ್ಗದ ಒಳಗೆ ಬಿದ್ದರೆ ಬೆಲ್ಲ. "ಬಾರಪಾ, ಹಾಂ, ಹಿಂಗ, ಶಾಣ್ಯಾ!" ನನ್ನೊಡನೆ ಊಟ, ನೀರು ಬಿಟ್ಟರೆ ಬೇರೆ ಮಾತೇ ಆಡದ ಮನುಷ್ಯ! ನಾನು ಜ್ವರ ಬಂದು ಮಲಗಿದಾಗ ಚಿಕ್ಕೋಡಿ ಬಸ್ಸು ಹತ್ತಿಸಿ ತವರಿಗೆ ಕಳಿಸಿದ್ದರು. ಎತ್ತಿಗೆ ತವರಿಲ್ಲ, ಅದಕ್ಕೇ ಈ ಸೇವೆ ಎಂದುಕೊಂಡು ಸಿಟ್ಟನ್ನೆಲ್ಲ ರೊಟ್ಟಿಯ ಮೇಲೆ ಬಡಿಯುತ್ತಿದ್ದೆ.

ಎರಡು ತಿಂಗಳಲ್ಲಿ ಕಾಲು ನೆಟ್ಟಗೆ ಬೀಳತೊಡಗಿತು. ನನ್ನ ಹೊಟ್ಟೆಯುರಿ ಮಾತ್ರ ಹಾಗೇ ಇತ್ತು. ಮಾವನವರಿಗೆ ಅವಸರ. "ತಮ್ಮಾ, ನಾಳೆ ಒಂದ್ ಸಾಲ ಎಡಿ ಹೊಡದ ತೋರ್ಸು. ಪೀಕ ತುಳೀತಂದ್ರ ಸಂತಿಗೆ ಹೊಡಿಯೂನು," ಎಂದರು ಮಗನಿಗೆ.

ಮರುದಿನ ಕುಂಟೆ ನಮ್ಮ ಮನೆಯವರ ಕೈಯಲ್ಲಿ, ಮುಂದೆ ಎತ್ತಿನ ಹಗ್ಗ ನನ್ನ ಕೈಯಲ್ಲಿ. ಅರ್ಧ ಸಾಲಿನವರೆಗೆ ಒಂದು ಎಲೆಯೂ ಮುರಿಯಲಿಲ್ಲ. ಹಿಂದಿನಿಂದ ಅವರು ನಕ್ಕಿದ್ದು ಕೇಳಿಸಿತು. ಅಂಥ ನಗುವನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ನನ್ನ ಕೈ ಹಗ್ಗವನ್ನು ಬಲಕ್ಕೆ ಜಗ್ಗಿತು. ಕೈ ಎನ್ನುವುದೇಕೆ, ನಾನೇ ಜಗ್ಗಿದೆ. ಎತ್ತು ತಡವರಿಸಿತು, ಐದಾರು ಗಿಡ ಮಣ್ಣಲ್ಲಿ ಒರಗಿದವು. ಬದುವಿನ ಮೇಲೆ ನಿಂತಿದ್ದ ಮಾವನವರು ತಲೆಯಾಡಿಸಿ ಮನೆಯ ಕಡೆ ಹೊರಟರು.

ಸಂತೆಯ ದಿನ ಎತ್ತು ಹೋಯಿತು. ಹೋಗುವಾಗಲೂ ನಾಲ್ಕೂ ಕಾಲನ್ನು ಸರಿಯಾಗಿಯೇ ಇಟ್ಟು ಹೋಯಿತು. ಖಾಲಿ ಗೋದಲಿಯ ಹತ್ತಿರ ಕುಳಿತು ನಾನು ಬಿಕ್ಕುತ್ತಿದ್ದೆ. ಅವರು ಬಂದು ಪಕ್ಕದಲ್ಲಿ ಕುಳಿತು ನನ್ನ ಹೆಗಲ ಮೇಲೆ ಕೈಯಿಟ್ಟರು, ಮದುವೆಯಾದ ಮೇಲೆ ಮೊದಲ ಸಲ.

"ಅಳಬ್ಯಾಡ. ನನಗೊಬ್ಬಂಗ ಅದರ ಮ್ಯಾಲ ಜೀಂವ ಐತಿ ಅಂತ ತಿಳಕೊಂಡಿದ್ದೆ," ಎಂದರು.

ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಆ ಕೈ ತೆಗೆದುಬಿಟ್ಟಾರು ಎಂಬ ಹೆದರಿಕೆ.