ಒಂದು ನಕ್ಷತ್ರದ ಡಬ್ಬಿ

ವಿಜಯಪುರದ ಕಡೆಯ ಭೀಮರಾಯ ಬಿರಾದಾರ ಮುಂಬಯಿಯ ಫೋರ್ಟಿನ ಒಂದು ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಟಪಾಲು ನೋಡಿಕೊಳ್ಳುತ್ತಿದ್ದ. ವಾರಕ್ಕೆ ಆರು ದಿನ ಜನ ಅವನನ್ನು ಕೇಳುತ್ತಿದ್ದುದು ಒಂದೇ ಮಾತು: "ಪಾಕೀಟು ಹೋಯ್ತಾ?" ಏಳನೆಯ ದಿನ ಮಾತ್ರ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮುಂಬಯಿಯಲ್ಲಿ ಜಿಯೋಕ್ಯಾಶಿಂಗ್ ಆಡುವ ಕನ್ನಡದವರ ಪುಟ್ಟ ಮಂಡಳಿಯಲ್ಲಿ ಅವನದು ದೊಡ್ಡ ಹೆಸರು.

ಆಟ ಕೇಳಲು ಸರಳ. ಒಬ್ಬರು ಊರಲ್ಲಿ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಜಾಲತಾಣದಲ್ಲಿ ಹಾಕುತ್ತಾರೆ. ಉಳಿದವರು ಫೋನು ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಹುಡುಕುವುದು ಎಷ್ಟು ಕಷ್ಟ, ಅಲ್ಲಿಗೆ ಹೋಗುವ ದಾರಿ ಎಷ್ಟು ಕಷ್ಟ ಎಂದು ಬಚ್ಚಿಟ್ಟವರೇ ಒಂದರಿಂದ ಐದರವರೆಗೆ ನಕ್ಷತ್ರ ಕೊಡಬೇಕು. ಹುಡುಕಿದವರಿಗೆ ಪ್ರತಿ ಹತ್ತು ಡಬ್ಬಿಗೆ ಒಂದು ಮೆಚ್ಚುಗೆಯ ಗುರುತು ಕೈಗೆ ಬರುತ್ತದೆ. ಮನಸ್ಸಿಗೆ ಹಿಡಿಸಿದ ಡಬ್ಬಿಗೆ ಅದನ್ನು ಕೊಡಬಹುದು. ಮಂಡಳಿಯವರ ಬಾಯಲ್ಲಿ ಅದು ಹಾರ್ಟು.

ಭೀಮರಾಯ ಬಚ್ಚಿಟ್ಟಿದ್ದು ನಲವತ್ತೊಂದು ಡಬ್ಬಿ. ಅವುಗಳಲ್ಲಿ 'ಸಪ್ತದ್ವಾರ' ಅವನ ಜೀವ. ಘಾಟ್ಕೋಪರ್‌ನ ಗುಡ್ಡದಿಂದ ಹೊರಟು ಏಳು ಒಗಟು ಬಿಡಿಸುತ್ತ ಫೋರ್ಟಿಗೆ ಬಂದು ಮುಟ್ಟಬೇಕು. ಕಷ್ಟ ಐದು, ದಾರಿ ನಾಲ್ಕು. ಕಟ್ಟಲು ಒಂದು ವರ್ಷ ಹಿಡಿದಿತ್ತು. ಮೂರು ವರ್ಷದಲ್ಲಿ ಹನ್ನೊಂದು ಜನ ಅದನ್ನು ಮುಗಿಸಿದ್ದರು. ಬಂದ ಹಾರ್ಟು ನಾಲ್ಕು.

ಹೀಗಿರುವಾಗ ಸೇವಂತಿ ಬಂದಳು. ಉಡುಪಿಯವಳು, ಗ್ರಾಂಟ್ ರೋಡ್‌ನಲ್ಲಿ ಅಣ್ಣನ ಹೋಟೆಲಿನ ಗಲ್ಲಾದಲ್ಲಿ ಕೂರುವವಳು. ಆಟಕ್ಕೆ ಸೇರಿ ಇನ್ನೂ ಎಂಟು ತಿಂಗಳು, ಇಟ್ಟದ್ದು ಒಂದೇ ಡಬ್ಬಿ. ಅದೂ ಗ್ರಾಂಟ್ ರೋಡ್ ಸ್ಟೇಷನ್ನಿನ ಸೇತುವೆ ಮೆಟ್ಟಿಲ ಬುಡದಲ್ಲಿ. ಕಷ್ಟ ಒಂದು, ದಾರಿ ಒಂದು. ಮೂರು ತಿಂಗಳಲ್ಲಿ ಐವತ್ತೆರಡು ಜನ ಹುಡುಕಿದರು. ಮೂವತ್ತೆಂಟು ಹಾರ್ಟು ಬಿದ್ದವು.

ಭೀಮರಾಯನಿಗೆ ಊಟ ರುಚಿಸದಾಯಿತು. ತಟ್ಟೆಯ ಮುಂದೆ ಕೂತಾಗಲೂ ಫೋನು ತೆರೆದು ಅವಳ ಡಬ್ಬಿಯ ಪುಟದಲ್ಲಿ ಹಾರ್ಟಿನ ಲೆಕ್ಕವನ್ನಷ್ಟೇ ನೋಡುತ್ತಿದ್ದ. ಮೂವತ್ತಾರು ಇದ್ದದ್ದು ಮೂವತ್ತೇಳಾದ ದಿನ ಹೆಂಡತಿ ಶೀತಲ ಬಡಿಸಿದ ಪಲ್ಯದಲ್ಲಿ ಉಪ್ಪಿಲ್ಲವೆಂದು ರೇಗಿದ.

"ಉಪ್ಪು ಹಾಕೀನ್ರೀ," ಎಂದಳು ಶೀತಲ. "ನಿಮ್ಮ ನಾಲಿಗಿ ಎಲ್ಲೈತಿ ನೋಡ್ಕೋರಿ."

"ಒಂದ್ ನಕ್ಷತ್ರದ ಡಬ್ಬಿ ಅದು! ಸಣ್ಣ ಹುಡುಗ್ರೂ ಹುಡುಕ್ತಾವ. ಅದಕ್ಕ ಎಲ್ಲಾರೂ ಹಾರ್ಟ್ ಕೊಡಾಕತ್ತಾರ."

"ಹಂಗಾದ್ರ ನೀವೂ ಹೋಗಿ ಹುಡುಕ್ರಿ."

ಅವನು ಆಗಲೇ ಹೋಗಿದ್ದ. ಅದೇ ಅವನ ಹೊಟ್ಟೆಯೊಳಗಿನ ಮುಳ್ಳು. ಮೊದಲ ಸಲ ಹೋದಾಗ ಐದು ನಿಮಿಷದ ಕೆಲಸವೆಂದುಕೊಂಡಿದ್ದ. ಬೇರೆಯವರ ಡಬ್ಬಿಯ ವಿವರಣೆ ಓದುವುದು ಅವನ ಮಟ್ಟಿಗೆ ಅವಮಾನ; ಜಾಗದ ಗುರುತು ಸಿಕ್ಕರೆ ಸಾಕು. ಗುರುತು ಕರೆದೊಯ್ದದ್ದು ಮೆಟ್ಟಿಲ ಕೆಳಗೆ ಬೀಗದ ಕೈ ಮಾಡುವ ಒಬ್ಬ ಮುದುಕನ ಅಂಗಡಿಯ ಬಳಿಗೆ. ಅಂಗಡಿಯೆಂದರೆ ಒಂದು ಮರದ ಪೆಟ್ಟಿಗೆ, ನೂರಾರು ಕೈಗಳನ್ನು ತೂಗುಹಾಕಿದ ಒಂದು ಹಲಗೆ, ಮೇಲೊಂದು ಕೊಡೆ. ಭೀಮರಾಯ ಮುದುಕನ ಕಣ್ಣು ತಪ್ಪಿಸಿ ಮೆಟ್ಟಿಲಿನ ಕಬ್ಬಿಣದ ಕಟಕಟೆಯ ಅಡಿಗೆ ಬೆರಳಾಡಿಸಿದ, ಗೋಡೆಯ ಬೋಲ್ಟುಗಳನ್ನು ತಿರುವಿದ. ಮುಕ್ಕಾಲು ಗಂಟೆ ಕಳೆದರೂ ಏನೂ ಸಿಗಲಿಲ್ಲ. ಎರಡನೆಯ ಸಲ ಅಯಸ್ಕಾಂತ, ಟಾರ್ಚು ತಂದ. ಸಿಕ್ಕಿದ್ದು ಕೈತುಂಬ ತುಕ್ಕು.

'ಸಿಗಲಿಲ್ಲ' ಎಂದು ಜಾಲತಾಣದಲ್ಲಿ ದಾಖಲಿಸುವುದು ಆಟದ ಧರ್ಮ. ಆದರೆ ಸಪ್ತದ್ವಾರ ಕಟ್ಟಿದವನು ಒಂದು ನಕ್ಷತ್ರದ ಡಬ್ಬಿ ಸಿಗಲಿಲ್ಲವೆಂದು ಹೇಗೆ ಬರೆದಾನು? ಬರೆಯಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಮಂಡಳಿಯ ಕೂಟ. ವರ್ಷದ ಒಳ್ಳೆಯ ಡಬ್ಬಿ ಯಾವುದೆಂದು ತೀರ್ಮಾನಿಸಬೇಕಿತ್ತು. ಪಟ್ಟಿ ಮಾಡುವವನು ಪ್ರಶಾಂತ, ಬ್ಯಾಂಕಿನಲ್ಲಿ ಅಧಿಕಾರಿ, ಮಂಗಳೂರಿನವನು. ಒಟ್ಟು ಹಾರ್ಟು ಎಣಿಸಿದರೆ ಸೇವಂತಿಯ ಡಬ್ಬಿ ಮೊದಲು. ಹುಡುಕಿದವರಲ್ಲಿ ನೂರಕ್ಕೆ ಎಷ್ಟು ಜನ ಹಾರ್ಟು ಕೊಟ್ಟರು ಎಂದು ನೋಡಿದರೂ ಅದೇ ಮೊದಲು. ಇಷ್ಟವಾದ ಡಬ್ಬಿಯ ಬಗ್ಗೆ ಜನ ಉದ್ದುದ್ದ ಬರೆಯುತ್ತಾರೆಂಬುದು ಸ್ನೇಹಲ್ ಎಂಬ ಹುಡುಗಿಯ ವಾದ. ಅವಳು ಪದ ಎಣಿಸಿ ತಂದಿದ್ದಳು. ಅಲ್ಲಿಯೂ ಅದೇ.

"ಇದೆಲ್ಲಾ ಬಾಯಿ ಚಪಲ," ಎಂದ ಭೀಮರಾಯ. "ಕಷ್ಟಾನ ದಾರಿಯಿಂದ ಗುಣಿಸ್ರಿ. ದುಡಿದವನ ದುಡಿಮಿ ಅದ್ರಾಗ ಗೊತ್ತಾಗ್ತೈತಿ." ಗುಣಿಸಿದರೆ ಸಪ್ತದ್ವಾರಕ್ಕೆ ಇಪ್ಪತ್ತು, ಸೇವಂತಿಗೆ ಒಂದು. ಆ ಒಂದನ್ನು ನೋಡಿ ಅವನಿಗೆ ಎಷ್ಟೋ ದಿನದ ಮೇಲೆ ಇಡ್ಲಿ ರುಚಿಸಿತು.

ಪ್ರಶಾಂತ ಪಟ್ಟಿಯಿಂದ ತಲೆಯೆತ್ತಿದ. "ಅಲ್ಲ ಭೀಮರಾಯರೇ, ಸೇವಂತಿ ಅಕ್ಕನ ಡಬ್ಬಿ ಹುಡುಕಿದವರಲ್ಲಿ ನಿಮ್ಮ ಹೆಸರೇ ಇಲ್ವಲ್ಲ?"

"ಒಂದು ಅಂತ ಸುಳ್ಳ ಹಾಕ್ಯಾರ ಅವ್ರು!" ಮಾತು ಬಾಯಿ ಜಾರಿತು. "ಕಷ್ಟ ನಾಕರ ಕೊಡಬೇಕಿತ್ತು."

"ನಾಲ್ಕು ಕೊಟ್ರೆ ನಿಮ್ಮ ಲೆಕ್ಕದಲ್ಲೂ ಅವರಿಗೆ ಒಂದರ ಬದಲು ನಾಲ್ಕು ಬರ್ತದೆ ಮಾರಾಯ್ರೆ," ಎಂದು ಪ್ರಶಾಂತ ನಕ್ಕ. "ಅಂದ್ರೆ ನೀವು ಹೋಗಿದ್ರಿ?"

"ನಾ ಹೋಗೇ ಇಲ್ಲ."

ಮೇಜಿನ ಸುತ್ತ ಯಾರೋ ಕೆಮ್ಮಿದರು. ಸೇವಂತಿ ಅವನ ಮುಖ ನೋಡಿದಳು. "ಪುರುಸೊತ್ತಾದಾಗ ಒಮ್ಮೆ ಬನ್ನಿ," ಎಂದಷ್ಟೇ ಹೇಳಿ ಕಾಫಿ ಲೋಟ ಕೈಗೆತ್ತಿಕೊಂಡಳು. ಆ ಸೌಜನ್ಯ ಅವನಿಗೆ ಬೈಗುಳಕ್ಕಿಂತ ಹೆಚ್ಚು ಉರಿಸಿತು.

ಸೋಮವಾರ ಸಂಜೆ ಕಚೇರಿ ಬಿಟ್ಟವನು ನೇರ ಚರ್ಚ್‌ಗೇಟಿಗೆ ನಡೆದು ಲೋಕಲ್ ಹಿಡಿದ. ಇವತ್ತು ಹುಡುಕಿಯೇ ತೀರಬೇಕು, ಆಮೇಲೆ ಅದರ ಹುಳುಕನ್ನು ಊರಿಗೆಲ್ಲ ಸಾರಬೇಕು. ಗ್ರಾಂಟ್ ರೋಡಿನಲ್ಲಿ ಇಳಿದು ಮತ್ತೆ ಕಟಕಟೆಗೆ ಕೈ ಹಾಕಿದ. ಹತ್ತು ನಿಮಿಷವಾಗಿರಬೇಕು, ಹಿಂದಿನಿಂದ ದನಿ ಕೇಳಿತು.

"ಎಂತ ಹುಡುಕುದು ಮಾರಾಯ್ರೆ? ಹೋದ ತಿಂಗಳೂ ಬಂದಿದ್ರಲ್ಲ, ಎರಡು ಸಲ?"

ಬೀಗದ ಕೈ ಮಾಡುವ ಮುದುಕ. ಹೆಸರು ದೂಜ, ಐವತ್ತು ವರ್ಷದ ಹಿಂದೆ ಮುಂಬಯಿಗೆ ಬಂದವನು. ಭೀಮರಾಯ ತುಕ್ಕಿನ ಕೈಯನ್ನು ಕರವಸ್ತ್ರಕ್ಕೆ ಒರೆಸಿದ. ಕೊನೆಗೆ, "ಇಲ್ಲೊಂದ್ ಡಬ್ಬಿ ಐತಂತ... ನಿಮಗೇನರ ಗೊತ್ತೈತೇನ್ರಿ?" ಎಂದ.

"ಅಷ್ಟೇ ಅಲ್ವಾ?" ಮುದುಕ ಎದ್ದು ತಾನು ಕೂತಿದ್ದ ಪೆಟ್ಟಿಗೆಯ ಖಾನೆಯಿಂದ ಒಂದು ಹಿತ್ತಾಳೆ ಡಬ್ಬಿ ತೆಗೆದು ಅವನ ಕೈಗಿತ್ತ. "ಕೇಳಿದವರಿಗೆ ಕೊಡುದು. ಫೋನಿನಲ್ಲಿ ವಿವರಣೆ ಬರೆದಿದ್ದಾರಲ್ಲ, ಕೂತವರನ್ನು ಮಾತಾಡಿಸಿ ಅಂತ. ನೀವು ತಡಕಾಡುದು ನೋಡಿ ನಾನೇ ಕೊಡುವಾ ಅಂತ ಇದ್ದೆ. ನಿಮ್ಮ ಚಹರೆ ಹೇಳಿ ಸೇವಂತಿಯಮ್ಮನನ್ನು ಕೇಳಿದೆ. ಬೇಡ, ಅವರು ದೊಡ್ಡ ಆಟಗಾರರು, ಅವರಾಗಿ ಕೇಳಲಿ ಅಂದ್ರು."

ಹಾಗಾದರೆ ನಿನ್ನೆ ಕೂಟದಲ್ಲಿ ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಹತ್ತು ಜನರೆದುರು ಬಾಯಿ ಬಿಡಲಿಲ್ಲ.

ಡಬ್ಬಿಯೊಳಗೆ ಎರಡು ನೋಟುಪುಸ್ತಕ. ಬಂದವರನ್ನೆಲ್ಲ ದೂಜ ಒಂದೇ ಪ್ರಶ್ನೆ ಕೇಳುತ್ತಿದ್ದ: ನೀವು ಯಾವ ಬೀಗದ ಕೈ ಕಳೆದುಕೊಂಡಿದ್ದೀರಿ? ಜನ ಅದನ್ನೇ ಬರೆದಿದ್ದರು. ಗಿರ್ಗಾಂವ್‌ನಲ್ಲಿ ತಾನಿದ್ದ ಚಾಳಿನ ಕಟ್ಟಡ ಕೆಡವಿದ ಮೇಲೂ ಮನೆಯ ಬೀಗದ ಕೈಯನ್ನು ಪರ್ಸಿನಲ್ಲಿಟ್ಟುಕೊಂಡಿದ್ದು, ಹೋದ ವರ್ಷ ಲೋಕಲ್‌ನಲ್ಲಿ ಕಳೆದುಕೊಂಡ ಹೆಂಗಸು ಎರಡು ಪುಟ ಬರೆದಿದ್ದಳು. ಅಪ್ಪನ ಸ್ಕೂಟರಿನ ಬೀಗದ ಕೈಯನ್ನು ಸಿಟ್ಟಿನಲ್ಲಿ ಸಮುದ್ರಕ್ಕೆಸೆದವನೊಬ್ಬ. ಭೀಮರಾಯ ಮೆಟ್ಟಿಲ ಮೇಲೆ ಕೂತು ಮೊದಲ ಪುಸ್ತಕ ಪೂರ್ತಿ ಓದಿದ. ಓದುತ್ತ ಹೋದಂತೆ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ, ಹೆಚ್ಚಿತು. ಇಷ್ಟು ದಿನ ಹಾರ್ಟುಗಳಿಗಾಗಿ ಕರುಬಿದ್ದ. ಈಗ ಆ ಡಬ್ಬಿಗಾಗಿಯೇ ಕರುಬಿದ. ಅವನ ನಲವತ್ತೊಂದು ಡಬ್ಬಿಗಳ ಪುಸ್ತಕದಲ್ಲಿ ಜನ ಬರೆದದ್ದು ಹೆಸರು, ತಾರೀಖು, ಅಷ್ಟೇ.

"ನಿಮ್ಮದು ಯಾವ ಬೀಗದ ಕೈ?" ಎಂದು ದೂಜ ಕೇಳಿದ.

ಭೀಮರಾಯನಿಗೆ ಯಾವುದೂ ನೆನಪಾಗಲಿಲ್ಲ. ಪೆನ್ನು ತೆಗೆದು ಹೆಸರಿನ ಕೆಳಗೆ ಬರೆದ: 'ಮೂರು ಸಲ ಬಂದೆ. ಎರಡು ಸಲ ಕೇಳಲಿಲ್ಲ.'

ದಾದರಿನಲ್ಲಿ ಗಾಡಿ ಬದಲಿಸಿ ಸೆಂಟ್ರಲ್ ಲೈನಿನ ಗರ್ದಿಯಲ್ಲಿ ಬಾಗಿಲ ಪಕ್ಕ ನಿಂತು ಫೋನು ತೆರೆದ. ಎರಡು ಸಲ ಸಿಗದೆ ಹೋದದ್ದನ್ನು, ಇವತ್ತು ಸಿಕ್ಕಿದ್ದನ್ನು ತಾರೀಖು ಸಮೇತ ದಾಖಲಿಸಿದ. ಅವನ ಹತ್ತಿರ ಕೊಡದೇ ಉಳಿದ ಹಾರ್ಟುಗಳು ಅರವತ್ತಮೂರು ಇದ್ದವು. ಇನ್ನೊಬ್ಬರ ಡಬ್ಬಿ ಮೇಲೇರೀತೆಂದು ಇಷ್ಟು ವರ್ಷ ಒಂದನ್ನೂ ಕೊಟ್ಟಿರಲಿಲ್ಲ. ಸೇವಂತಿಯ ಪುಟದಲ್ಲಿ ಬೆರಳು ಬಹಳ ಹೊತ್ತು ನಿಂತಿತು. ಕುರ್ಲಾ ದಾಟಿದ ಮೇಲೆ ಒತ್ತಿದ. ಮೂವತ್ತೊಂಬತ್ತಾಯಿತು. ತಾನೇ ಕೊಟ್ಟದ್ದಾದರೂ ಆ ಅಂಕಿ ನೋಡಿ ಎದೆಯಲ್ಲಿ ಚುರ್ರೆಂದಿತು.

ಮನೆಗೆ ಬಂದವನು ಚಪ್ಪಲಿ ಬಿಡುತ್ತಲೇ ಶೀತಲಳಿಗೆ ಎಲ್ಲವನ್ನೂ ಹೇಳಿದ, ಮೊದಲೆರಡು ಸಲದ ಕಥೆ ಸಮೇತ. ಅವಳು ಚಹಾ ಸೋಸುತ್ತ ಕೇಳಿದಳು.

"ಛಲೋ ವಿಚಾರ ಐತಲ್ರೀ ಆಕೀದು. ನೀವ್ಯಾಕ ಹಂಗೊಂದು ಮಾಡಲಿಲ್ಲ?"

ಭೀಮರಾಯ ಚಹಾದ ಲೋಟ ಕೈಗೆ ತೆಗೆದುಕೊಂಡ.

"ನನಗ ಹೊಳೀಲಿಲ್ಲ," ಎಂದ.