ಜಲಪಾತದ ಅಡ್ಡದಾರಿ
ಕೊರಿಯಾದ ಇಂಚಿಯಾನ್ ನಗರದ ಕಾರ್ಖಾನೆ ಬೀದಿಯ ಕಂಪ್ಯೂಟರ್ ಆಟದಂಗಡಿಯಲ್ಲಿ ಶನಿವಾರದ ಕಾರ್ ರೇಸಿಗೆ ಕಾನೂನು ಮಾಡುವವನು ಬೋಂಗ್‌ಚೋಲ್. ಅವನನ್ನು ಯಾರೂ ಆರಿಸಿದ್ದಲ್ಲ, ಗಂಟಲು ದೊಡ್ಡದು, ಅಷ್ಟೇ. ಯಾರಾದರೂ ಬೇಲಿಯ ಮೇಲೆ ಕಾರು ಹಾರಿಸಿ ಅರ್ಧ ಸುತ್ತು ಉಳಿಸಿದರೆ ಸಾಕು, ಬಾಯಲ್ಲಿದ್ದ ನೂಡಲ್ಸ್ ನುಂಗದೆಯೇ ಎದ್ದು, "ಮೋಸ! ರಸ್ತೆ ಯಾತಕ್ಕಿರೋದು?" ಎಂದು ಕೂಗುತ್ತಾನೆ. ಆಮೇಲೆ ವಾರವಿಡೀ ಕದ್ದುಮುಚ್ಚಿ ಅದನ್ನೇ ಕಲಿಯುತ್ತಾನೆ. ಕೈಗೆ ಹತ್ತಿದ ದಿನವೇ ಆ ಮೋಸವೇ ಕಲೆಯಾಗುತ್ತದೆ. "ಅಣ್ಣಾ, ಹೋದ ವಾರ ಇದನ್ನೇ ಕಳ್ಳತನ ಅಂದ್ರಲ್ಲ?" ಎಂದು ಜೊತೆಯವರು ಕಾಲೆಳೆದರೆ, "ಹೋದ ವಾರ ನಂಗೆ ಬರ್ತಿರಲಿಲ್ಲ ಕಣ್ರೋ, ಮುಚ್ಕೊಂಡು ಓಡಿಸಿ" ಎನ್ನುತ್ತಾನೆ, ಮುಖದಲ್ಲಿ ನಾಚಿಕೆಯ ಸುಳಿವಿಲ್ಲ. ಗೋಡೆಗೆ ಗುದ್ದಿ ಚಿಮ್ಮುವುದು, ಸೇತುವೆಯಡಿ ನುಸುಳುವುದು, ಎಲ್ಲವೂ ಹೀಗೇ ಕಾನೂನಾದವು. ಜಲಪಾತದಿಂದ ಧುಮುಕುವ ಅಡ್ಡದಾರಿಯೊಂದು ಮಾತ್ರ ಇನ್ನೂ ನಿಷಿದ್ಧ. ಅದೇನು ಅವನಿಗೆ ಬರದ್ದಲ್ಲ. ಬೀದಿಗೇ ಮೊದಲು ಕಂಡುಹಿಡಿದವನು ಅವನೇ. ಆದರೆ ಅದಕ್ಕೆ ಎಡಗೈಯ ಬೆರಳುಗಳನ್ನೆಲ್ಲ ಒಟ್ಟಿಗೆ ಒತ್ತಬೇಕು, ಪಕ್ಕದ ಕುರ್ಚಿಯ ಗೆಳೆಯ ಹಕ್ಸುವಿನ ಆ ಕೈಯ ಎರಡು ಬೆರಳನ್ನು ಕಾರ್ಖಾನೆಯ ತಗಡು ಒತ್ತುವ ಪ್ರೆಸ್ಸು ತಿಂದಿದೆ. ಈ ಕಾರಣವನ್ನು ಬೋಂಗ್‌ಚೋಲ್ ಎಂದೂ ಬಾಯಿಬಿಟ್ಟಿಲ್ಲ, "ನೀರಲ್ಲಿ ಕಾರು ಓಡತ್ತೇನ್ರೋ, ದಡ್ಡ ಮುಂಡೇವಾ?" ಎಂದಷ್ಟೇ ಅವನ ವಾದ. ಹಕ್ಸುವಿಗೆ ಗೊತ್ತಿಲ್ಲದ್ದೇನಲ್ಲ. ಉಳಿದ ಬೆರಳುಗಳಲ್ಲೇ ಪ್ರತಿ ಶನಿವಾರ ಇವನನ್ನು ಸೋಲಿಸಿ, "ನೀನೇ ಮಾಡಿದ ಕಾನೂನಲ್ಲೇ ಸೋಲ್ತೀಯಲ್ಲೋ, ಪೆದ್ದಾ! ಆ ಜಲಪಾತಾನೂ ಕಾನೂನು ಮಾಡ್ಬಿಡು, ಆಗ್ಲಾದ್ರೂ ಗೆಲ್ತೀಯೇನೋ ನೋಡಾಣ" ಎಂದು ಕೆಣಕುತ್ತಾನೆ. "ಮೋಸ ಮಾಡಿ ಗೆಲ್ಲೋನಲ್ಲ ಕಣೋ ನಾನು" ಎನ್ನುತ್ತಾನೆ ಬೋಂಗ್‌ಚೋಲ್, ಇದ್ದಬದ್ದ ಬೇಲಿಯನ್ನೆಲ್ಲ ಹಾರಿ ಬಂದವನು.