ಕೊನೆಯ ಒಂದು ನಿಮಿಷ
ನಮ್ಮ ಬೀದಿಯ ಕನ್ನಡಕದ ಅಂಗಡಿಯವರನ್ನು ಎಲ್ಲರೂ ಕೋಚ್ ಎಂದೇ ಕರೆಯುವುದು. ಮೈದಾನದಲ್ಲಿ ಯಾರಿಗೂ ಕಲಿಸಿದವರಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟುವ ಆನ್‌ಲೈನ್ ಆಟ ಆಡುತ್ತಾರೆ, ಅಷ್ಟೇ. ಗಿರಾಕಿ ಗೋಡೆಯ ಮೇಲಿನ ಅಕ್ಷರ ಓದುತ್ತಿದ್ದರೂ ಇವರ ಒಂದು ಕಣ್ಣು ಆಟದ ಮೇಲೆಯೇ. ಎದುರಾಳಿಗಳು ಏಳಡಿ ಎತ್ತರದವರನ್ನೇ ಗುಡ್ಡೆ ಹಾಕಿಕೊಳ್ಳುತ್ತಾರೆ, ಇಲ್ಲವೇ ಬೇರೆ ಕಾಲೇಜಿನಲ್ಲಿ ಪಳಗಿದವರನ್ನು ಎಗರಿಸಿಕೊಂಡು ಬರುತ್ತಾರೆ. ಕೋಚ್ ಮಾತ್ರ ಯಾರಿಗೂ ಬೇಡವಾದ ಮೊದಲ ವರ್ಷದವರನ್ನು ಹೆಕ್ಕಿ ನಾಲ್ಕು ವರ್ಷ ಸಾಕುತ್ತಾರೆ. "ಸ್ವಲ್ಪ ತಡೀರಿ, ಮೂರನೇ ವರ್ಷಕ್ಕೆ ಕುದುರ್ಕೋತಾನೆ" ಎನ್ನುವುದು ಅವರ ಮಂತ್ರ. ಕುದುರಿದವರು ಕಡಿಮೆ, ಸೋಲುವುದರಲ್ಲಿ ತಂಡದ್ದು ಎತ್ತಿದ ಕೈ. ಮೊನ್ನೆ ಅಪರೂಪಕ್ಕೆ ಫೈನಲ್ ತಲುಪಿ ಒಂದು ಅಂಕ ಮುಂದಿದ್ದರು. ಕೊನೆಯ ನಿಮಿಷದಲ್ಲಿ, ನಾಲ್ಕು ವರ್ಷ ಬೆಂಚಿನಲ್ಲೇ ಕೂತಿದ್ದವನೊಬ್ಬನನ್ನು ಆಟಕ್ಕಿಳಿಸಿ ಸೋತರು. "ತಲೆ ಕೆಟ್ಟಿದ್ಯೇನ್ರೀ ನಿಮಗೆ?" ಎಂದು ಪಕ್ಕದ ಅಂಗಡಿಯವನಾದ ನಾನೇ ಕೂಗಿದೆ. "ಇವತ್ತಿಗೆ ಅವನ ಕಾಲೇಜು ಮುಗೀತು ಕಣ್ರೀ. ನಾಳೆ ಆಟದಲ್ಲಿ ಅವನ ಹೆಸರೂ ಇರಲ್ಲ" ಎಂದು ಅವರು ಯಾರದೋ ಕನ್ನಡಕದ ಸ್ಕ್ರೂ ಬಿಗಿ ಮಾಡತೊಡಗಿದರು. ಒಳಗೆ ಗಾಜು ಉಜ್ಜುತ್ತಿದ್ದ ಅವರ ಹೆಂಡತಿ ತಲೆ ಎತ್ತದೆಯೇ ಹೇಳಿದರು: "ಇವರೂ ಕಾಲೇಜ್ ಟೀಮಲ್ಲಿದ್ರು. ಮೂರು ವರ್ಷ, ಪ್ರತಿ ಮ್ಯಾಚಿಗೂ ಶೂ ಲೇಸ್ ಬಿಗಿಯಾಗಿ ಕಟ್ಕೊಂಡು ಬೆಂಚಲ್ಲಿ ಕೂತಿದ್ರಂತೆ. ಯಾರೂ ಕರೀಲೇ ಇಲ್ಲ."